ಜವಳಗಿರಿಯಲ್ಲಿ ಒಂದು ಶನಿವಾರ, ಒಂದು ಭಾನುವಾರ

ಹೊಸೂರಿನಿಂದ ತಳಿಯ ಮಾರ್ಗವಾಗಿ ಜವಳಗಿರಿಗೆ ಹೋಗುವ ಬಸ್ಸನ್ನು ನಾವು ಹತ್ತಿದ್ದು ರಾಗಿಯ ತೆನೆ ಬಲಿತು ಬಾಗಿದ್ದ ಒಂದು ಶನಿವಾರದ ಮಧ್ಯಾಹ್ನ. ಈ ಪ್ರಯಾಣಕ್ಕೆ ಕಾರಣ ಅಕ್ಕನಿಂದ ಬಂದ ಕರೆ. "ನಿಮ್ಮ ಅಳಿಯ ನಮ್ಮ ಹೊಲದಲ್ಲಿ ಎರಡು ದಿನ ಸಂಗೀತದ ಹಬ್ಬ ಮಾಡ್ತೀನಿ ಅಂತ ಹಟ ಹಿಡಿದಿದ್ದಾನೆ. ನಿಮ್ಮ ಭಾವ ಒಲ್ಲೆ ಅಂತಾರೆ. ತಂದೆ ಮಗ ಮಾತು ಬಿಟ್ಟು ಹದಿನೈದು ದಿನ ಆಯ್ತು. ನೀವಿಬ್ಬರೂ ಬಂದು ಒಂದು ಮಾತು ಹೇಳಿ ಹೋಗಿ" ಎಂದು ಆಕೆ ಕೇಳಿಕೊಂಡಿದ್ದಳು.

ಹೊಸೂರಿನ ಕಾರ್ಖಾನೆಗಳು ಹಿಂದಕ್ಕೆ ಸರಿದು ತಳಿ ಸಮೀಪಿಸುತ್ತಿದ್ದಂತೆ ಗಾಳಿ ತಂಪಾಗತೊಡಗಿತು. ಈ ತಂಪಿಗೆ ಮನಸೋತು ಆಂಗ್ಲರು ತಳಿಯನ್ನು 'ಲಿಟ್ಲ್ ಇಂಗ್ಲೆಂಡ್' ಎಂದು ಕರೆದರೆಂಬುದು ಇತ್ತಣ ಮಂದಿಯ ಬಾಯಲ್ಲಿ ಇನ್ನೂ ಇರುವ ಮಾತು. ಬಸ್ಸಿನೊಳಗೆ ಕಂಡಕ್ಟರರ ತಮಿಳು, ಪಕ್ಕದವರ ತೆಲುಗು, ಹಿಂದಿನ ಸಾಲಿನಲ್ಲಿ ಅಪ್ಪಟ ಕನ್ನಡ. ಮೊದಲು ಸೇಲಂ ಜಿಲ್ಲೆಗೆ ಸೇರಿದ್ದ ಈ ಸೀಮೆ 1965ರಲ್ಲಿ ಧರ್ಮಪುರಿ ಜಿಲ್ಲೆಯದಾಯಿತು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಯದಾಯಿತು. ಜಿಲ್ಲೆಯ ಹೆಸರು ಇಷ್ಟು ಬಾರಿ ಬದಲಾದರೂ ಜಗಲಿಯ ಮೇಲಣ ಮಾತು ಬದಲಾಗಲಿಲ್ಲವೆಂಬುದು ನಮ್ಮಂಥ ಗಡಿಯವರಿಗೆ ಸಣ್ಣ ಸಮಾಧಾನವಲ್ಲ.

ಅಳಿಯ ಬಸ್ ನಿಲ್ದಾಣದಲ್ಲಿಯೇ ಕಾದಿದ್ದ. ಬೆಂಗಳೂರಿನಲ್ಲಿ ಉದ್ಯೋಗ, ಬಿಡುವಿನಲ್ಲಿ ಗೆಳೆಯರೊಡನೆ ಗಿಟಾರ್. ಅವರು ನುಡಿಸುವುದು 'ಪ್ರೋಗ್ರೆಸಿವ್ ರಾಕ್' ಎಂಬ ಬಗೆಯ ಸಂಗೀತ. ಪ್ರಗತಿಶೀಲವೆಂದೊಡನೆ ಅ. ನ. ಕೃ., ನಿರಂಜನ, ಕಟ್ಟೀಮನಿಯವರನ್ನು ನೆನೆಯುವ ತಲೆಮಾರು ನಮ್ಮದು. ಅವನು ನಕ್ಕು, "ಅದಲ್ಲ ಮಾವ, ಇದು ಉದ್ದದ ಹಾಡು" ಎಂದು ವಿವರಿಸತೊಡಗಿದ. ಮೂರು ನಿಮಿಷದ ಹಾಡಿನ ಚೌಕಟ್ಟು ಸಾಲದೆ, 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ತರುಣರು ರಾಕ್ ಸಂಗೀತಕ್ಕೆ ಶಾಸ್ತ್ರೀಯ ಸಂಗೀತದ ವಿಸ್ತಾರವನ್ನೂ ವಿಷಮ ತಾಳಗಳನ್ನೂ ಕಥನವನ್ನೂ ಕೂಡಿಸಿದರಂತೆ. 1969ರಲ್ಲಿ ಕಿಂಗ್ ಕ್ರಿಮ್ಸನ್ ತಂಡದ ಮೊದಲ ಧ್ವನಿಮುದ್ರಿಕೆ ಬಂದಿತು. 1972ರಲ್ಲಿ ಜೆಥ್ರೋ ಟಲ್ ಎಂಬ ತಂಡ ಒಂದೇ ಹಾಡನ್ನು ತಟ್ಟೆಯ ಎರಡೂ ಬದಿಗಳಿಗೆ ಹರಡಿತು. ಆ ತಂಡದ ನಾಯಕ ಇಯಾನ್ ಆಂಡರ್ಸನ್ ನುಡಿಸುವುದು ಕೊಳಲನ್ನು ಎಂದಾಗ ನಮಗೆ ತುಸು ಆತ್ಮೀಯತೆ ಹುಟ್ಟಿತೆನ್ನಬೇಕು. ಒಂದು ರಾಗದ ಆಲಾಪನೆ, ತಾನ, ಪಲ್ಲವಿಗಳಿಗೆ ಗಂಟೆಗಟ್ಟಲೆ ಕಿವಿಗೊಡುವವರಿಗೆ ಉದ್ದದ ಹಾಡು ಪರಕೀಯವಾಗಬೇಕಾದುದೇನು?

ಇಂಥ ಸಂಗೀತಕ್ಕೆ ಮಹಾನಗರವೇ ಬೇಕೆಂದಿಲ್ಲವೆಂಬುದು ಅವನ ವಾದ. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಉಕ್ಕಿನ ಕಾರ್ಖಾನೆಗೆ ಹೆಸರಾಗಿದ್ದ ಬೆತ್ಲಹೆಮ್ ಎಂಬ ಪುಟ್ಟ ಪಟ್ಟಣವಿದೆ. ಅಲ್ಲಿ 1999ರಲ್ಲಿ ಶನಿವಾರ ಭಾನುವಾರಗಳ ಪ್ರೋಗ್ರೆಸಿವ್ ರಾಕ್ ಉತ್ಸವವೊಂದು ಮೊದಲಾಯಿತು. ಅದರ ಹೆಸರು ನಿಯರ್‌ಫೆಸ್ಟ್. ನಡುವೆ ಎರಡು ವರ್ಷ ಬೇರೆ ಊರಿಗೆ ಹೋಗಿದ್ದರೂ ಮತ್ತೆ ಅಲ್ಲಿಗೇ ಮರಳಿ, ಬಹುಪಾಲು ಅಲ್ಲಿನ ವಿಶ್ವವಿದ್ಯಾನಿಲಯದ ಸುಮಾರು 1,000 ಆಸನಗಳ ಸಭಾಂಗಣದಲ್ಲಿಯೇ ನಡೆದು, 2012ರಲ್ಲಿ ಮುಕ್ತಾಯವಾಯಿತು. ಅದೇ ಪಟ್ಟಣದಲ್ಲಿ ಬಾಖ್ ಎಂಬ ಮಹಾ ಸಂಗೀತಗಾರನ ಕೃತಿಗಳನ್ನು ಹಾಡಲೆಂದೇ 1898ರಲ್ಲಿ ಕಟ್ಟಿದ ಗಾಯಕವೃಂದವಿದೆ. ಕೇಳುವ ಅಭ್ಯಾಸವುಳ್ಳ ಊರಿಗೆ ಹೊಸ ಸಂಗೀತವೂ ಬಂದು ಸೇರಿತೆಂದು ಕಾಣುತ್ತದೆ.

ಅಷ್ಟು ದೂರವೇಕೆ? ಬನ್ನೇರುಘಟ್ಟದ ಕಾಡಿನ ದಕ್ಷಿಣದ ಅಂಚಿನಲ್ಲಿ ಜವಳಗಿರಿಯಿದ್ದರೆ, ಪಶ್ಚಿಮದ ಮಗ್ಗುಲಲ್ಲಿ, ಕನಕಪುರ ರಸ್ತೆಯ ಕಗ್ಗಲೀಪುರದ ಬಳಿ ದಿಣ್ಣೇಪಾಳ್ಯವಿದೆ. ಅಲ್ಲಿಯ ಫೈರ್‌ಫ್ಲೈಸ್ ಆಶ್ರಮದ ದೊಡ್ಡ ಆಲದ ಮರದಡಿ ಈ ಶತಮಾನದ ಮೊದಲ ವರ್ಷಗಳಲ್ಲಿ ಸಂಜೆಯಿಂದ ಬೆಳಗಿನವರೆಗೆ ಸಂಗೀತೋತ್ಸವ ನಡೆಯುತ್ತಿತ್ತು. ಒಂದು ವರ್ಷ ಈ ಹುಡುಗನೇ ನಮ್ಮನ್ನು ಅಲ್ಲಿಗೆ ಕರೆದೊಯ್ದಿದ್ದ. ಹೊದಿಕೆ ಹೊದ್ದು ಕುಳಿತ ತರುಣ ತರುಣಿಯರನ್ನು ಕಂಡು ನಮಗೆ ಬಾಲ್ಯದ ಬಯಲಾಟದ ರಾತ್ರಿಗಳು ನೆನಪಾಗಿದ್ದವು. ಬೆಂಗಳೂರಿನ 'ಅಗಂ' ತಂಡ ಕರ್ನಾಟಕ ಸಂಗೀತದ ಕೀರ್ತನೆಗಳನ್ನೇ ಈ ಪ್ರೋಗ್ರೆಸಿವ್ ರಾಕ್ ಬಗೆಯಲ್ಲಿ ನುಡಿಸಿ ಹೆಸರಾದುದನ್ನೂ, ರಘು ದೀಕ್ಷಿತರು ಶಿಶುನಾಳ ಷರೀಫರ ಪದಗಳನ್ನು ಗಿಟಾರಿನೊಡನೆ ಹಾಡಿ ಹೊರನಾಡುಗಳಿಗೆ ಕೊಂಡೊಯ್ದುದನ್ನೂ ಬಲ್ಲ ನಾವು ಅಳಿಯನ ಪಕ್ಷಕ್ಕೇ ವಾಲಿದ್ದೆವು. ಭಾವನವರನ್ನು ಹೇಗಾದರೂ ಒಪ್ಪಿಸಬೇಕೆಂದುಕೊಂಡೇ ಮನೆಯ ಹೊಸ್ತಿಲು ದಾಟಿದೆವು.

ಆ ಇರುಳು ನಮ್ಮ ಎಣಿಕೆ ತಲೆಕೆಳಗಾಯಿತು.

ಮುದ್ದೆಯ ಊಟ ಮುಗಿಸಿ ಮಲಗಿದ್ದೆವು. ನಡುರಾತ್ರಿಯಲ್ಲಿ ದೂರದಿಂದ ತಮಟೆ ಕೇಳಿಸಿತು. ಹಿಂದೆಯೇ ತಗಡಿನ ಡಬ್ಬ ಬಡಿಯುವ ಸದ್ದು, ಕೂಗು, ಒಂದೆರಡು ಪಟಾಕಿ. ಭಾವ ಟಾರ್ಚು ಹಿಡಿದು ಹೊರಗೋಡಿದರು. ಅಕ್ಕ ದೀಪ ಹಚ್ಚಿ, "ಆನೆ ಬಂದಿರಬೇಕು, ನೀವು ಹೊರಗೆ ಬರಬೇಡಿ" ಎಂದಳು. ರಾಗಿ ಬಲಿಯುವ ಕಾಲಕ್ಕೆ ಬನ್ನೇರುಘಟ್ಟದ ಕಡೆಯಿಂದ ಆನೆಯ ಹಿಂಡುಗಳು ಜವಳಗಿರಿ ಅರಣ್ಯಕ್ಕೆ ಇಳಿದು, ತಳಿ, ಡೆಂಕಣಿಕೋಟೆ, ಹೊಸೂರಿನ ಕಡೆಗೆ ಚದುರುವುದು ವರ್ಷವರ್ಷದ ಮಾತು. ಇಲ್ಲಿಂದ ದಕ್ಷಿಣಕ್ಕೆ ಕಾವೇರಿಯವರೆಗೆ ಹಬ್ಬಿದ ಕಾಡಿನ ಬಹುಭಾಗವನ್ನು 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿಧಾಮವೆಂದು ಸಾರಲಾಯಿತು. ಹಿಂಡುಗಳು ಅತ್ತಿತ್ತ ನಡೆದಾಡುವ ಹಾದಿ ಈ ಹೊಲಗಳ ಬದಿಯಲ್ಲಿಯೇ ಇದೆ. ಅಂದು ಅಕ್ಕನ ಹೊಲ ಉಳಿಯಿತು. ನೆರೆಯವರ ಎರಡು ಪಟ್ಟಿ ರಾಗಿ ತುಳಿತಕ್ಕೆ ಸಿಕ್ಕಿತು. ತಂದೆಯ ಹಿಂದೆಯೇ ಡಬ್ಬ ಬಡಿಯುತ್ತ ಓಡಿದ್ದ ಅಳಿಯ ಬೆಳಗಿನ ಜಾವದಲ್ಲಿ ಮರಳಿದಾಗ ಅವನ ಕಾಲೆಲ್ಲ ಕೆಸರು. ಆಗಲೂ ತಂದೆ ಮಕ್ಕಳ ನಡುವೆ ಮಾತಿರಲಿಲ್ಲ.

ಈ ಊರಿನಲ್ಲಿ ರಾತ್ರಿಯ ಸದ್ದಿಗೆ ಬೇರೊಂದು ಅರ್ಥವಿದೆಯೆಂಬುದು ನಮಗೆ ಅಂದು ತಿಳಿಯಿತು. ಅಲ್ಲಿ ತಮಟೆಯೆಂದರೆ ಎಚ್ಚರಿಕೆ. ಎರಡು ರಾತ್ರಿ ಧ್ವನಿವರ್ಧಕಗಳು ಮೊರೆದರೆ ಆ ಎಚ್ಚರಿಕೆ ಯಾರಿಗೆ ಕೇಳಿಸೀತು? ಆನೆಗಾದರೂ ಹೇಗೆ ಕೇಳಿಸೀತು? 1984ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನ ಮೃಗಾಲಯದಲ್ಲಿ ಕೇಟಿ ಪೇನ್ ಎಂಬ ಸಂಶೋಧಕಿ, ಆನೆಗಳು ನಮ್ಮ ಕಿವಿಗೆ ನಿಲುಕದ ಮಂದ್ರ ಧ್ವನಿಯಲ್ಲಿ ಮಾತಾಡಿಕೊಳ್ಳುವುದರ ಸುಳಿವು ಕಂಡರು. ನಮ್ಮ ಕಿವಿ ಸೆಕೆಂಡಿಗೆ ಸುಮಾರು 20 ಕಂಪನಗಳಿಗಿಂತ ಕೆಳಗಿನದನ್ನು ಕೇಳದು. ಆನೆ ಅದರ ಕೆಳಗೂ ನುಡಿಯುತ್ತದೆ, ಕೇಳುತ್ತದೆ. ಬೇಸ್ ಗಿಟಾರಿನ ಅತಿ ದಪ್ಪ ತಂತಿ ಸುಮಾರು 41 ಕಂಪನಗಳಲ್ಲಿ ಮಿಡಿಯುವುದು. ನಮಗೆ ಎದೆಯಲ್ಲಿ ನಡುಗುವ ಆ ನಾದ ಕಾಡಿನೊಳಗಣ ಹಿಂಡಿಗೆ ಚೆನ್ನಾಗಿಯೇ ಮುಟ್ಟುವುದೆಂಬುದರಲ್ಲಿ ಸಂದೇಹವಿಲ್ಲ. ಬೆದರಿದ ಹಿಂಡು ಯಾರ ಹೊಲಕ್ಕೆ ನುಗ್ಗುವುದೆಂದು ಯಾರು ಹೇಳಬಲ್ಲರು?

ಭಾನುವಾರ ಬೆಳಿಗ್ಗೆ ಹೊಂಗೆಯ ಮರದ ಕೆಳಗೆ ಎಲ್ಲರೂ ಕುಳಿತೆವು. ಭಾವ ನಮಗೆ ಹೇಳುವಂತೆ ಮಗನಿಗೆ ಹೇಳಿದರು: "ಹಾಡು ಬೇಡ ಅಂತ ನಾನೆಲ್ಲಿ ಅಂದೆ? ದ್ರೌಪದಮ್ಮನ ಜಾತ್ರೆಗೆ ಭಾರತದ ಕಥೆ ದಿನಗಟ್ಟಲೆ ಕೇಳಿದ ಮೈ ಇದು. ದುರ್ಯೋಧನ ಬೀಳೋವರೆಗೂ ಎದ್ದು ಹೋದವರಲ್ಲ ನಾವು. ಆದರೆ ರಾಗಿ ಹೊಲದಲ್ಲಿರುವಾಗ, ರಾತ್ರಿ ಹೊತ್ತು, ಕಾಡಿಗೆ ಮುಖ ಮಾಡಿ ಆ ಪೆಟ್ಟಿಗೆಗಳನ್ನಿಟ್ಟು ಕೂಗಿಸೋದು ನನಗೆ ಒಪ್ಪದು." ಅಕ್ಕ ಮೆಲ್ಲಗೆ ಸೇರಿಸಿದಳು: "ಅವನು ಹಾಡಿದ್ದು ಇಂಗ್ಲಿಷಿನಲ್ಲಿ. ಚೆನ್ನಾಗಿತ್ತಪ್ಪ, ಆದರೆ ನಂಗೊಂದು ಮಾತೂ ಹತ್ತಲಿಲ್ಲ."

ತಾಯಿಯ ಈ ಮಾತು ಹುಡುಗನಿಗೆ ತಂದೆಯ ಕೋಪಕ್ಕಿಂತ ಹೆಚ್ಚು ತಾಕಿತೆಂದು ತೋರಿತು. ಬಯಲಿನಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಸಲ್ಲದೆಂದು 2000ದ ಶಬ್ದಮಾಲಿನ್ಯ ನಿಯಮಗಳೇ ಹೇಳುತ್ತವೆ, ವರ್ಷಕ್ಕೆ ಕೆಲವು ದಿನ ಮಾತ್ರ ಸರ್ಕಾರ ಮಧ್ಯರಾತ್ರಿಯವರೆಗೆ ರಿಯಾಯಿತಿ ಕೊಡಬಹುದು ಎಂಬುದನ್ನು ನಾವು ನೆನಪಿಸಿದೆವು. ಅವನು ಬಹಳ ಹೊತ್ತು ಸುಮ್ಮನಿದ್ದು, "ಸುಗ್ಗಿ ಮುಗಿದು ಆನೆ ಒಳಕ್ಕೆ ಸರಿದ ಮೇಲೆ, ಹಗಲಲ್ಲಿ ಮಾಡಿದರೆ? ಹೊಲದಲ್ಲಿ ಬೇಡ, ಊರ ನಡುವಿನ ಕಣದಲ್ಲಿ. ದೊಡ್ಡ ಪೆಟ್ಟಿಗೆ ಬೇಡ. ಭಾರತ ಹಾಡೋ ಅಜ್ಜನೂ ನಮ್ಮ ಜೊತೆ ಕೂತುಕೊಳ್ಳಲಿ" ಎಂದ. ಕನ್ನಡದಲ್ಲಿ ಒಂದು ಉದ್ದದ ಹಾಡು ಕಟ್ಟಬೇಕೆಂಬ ನಮ್ಮ ಕೋರಿಕೆಗೆ, "ಕಷ್ಟ ಮಾವ, ನೋಡ್ತೀನಿ" ಎಂದಷ್ಟೇ ಉತ್ತರ ಬಂದಿತು.

ಗಡಿನಾಡಿನ ಮಕ್ಕಳು ಹೊಸದನ್ನು ಹೊತ್ತು ಊರಿಗೆ ಮರಳುವುದೇ ಅಪರೂಪ. ಮರಳಿದವರನ್ನು ಬೇಡವೆಂದು ಅಟ್ಟಿದರೆ ಅವರು ಇನ್ನೊಮ್ಮೆ ಬಾರರು. ಹಾಗೆಂದು ಊರಿನ ಇರುಳನ್ನೂ ಬೆಳೆಯನ್ನೂ ಅರಿಯದೆ ಮಾಡುವ ಹಬ್ಬ ಊರಿನದಾಗದು. ಈ ಎರಡು ಮಾತನ್ನೂ ನಾವು ಜವಳಗಿರಿಯಿಂದ ಹೊತ್ತು ತಂದೆವು.

ಸಂಜೆಯ ಬಸ್ಸಿಗೆ ಹೊರಟಾಗ ಭಾವ ಎತ್ತಿಗೆ ಹುಲ್ಲು ಹಾಕುತ್ತಿದ್ದರು. ತಲೆಯೆತ್ತದೆಯೇ ಮಗನಿಗೆ, "ಯಾವತ್ತು ಅಂತ ಮೊದಲೇ ಹೇಳು, ಕಣ ಸಾರಿಸಬೇಕು" ಎಂದರು. ಹದಿನೈದು ದಿನಗಳ ಮೇಲೆ ಅವರು ಮಗನೊಡನೆ ನೇರವಾಗಿ ಆಡಿದ ಮೊದಲ ಮಾತು ಅದಾಗಿತ್ತು.