ಸುಂಕದವರ ಮುಂದೆ

ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆಯನ್ನು ಊರಿನಲ್ಲಿ ಅಜ್ಜಿಯ ಬಾಯಿಂದ ಕೇಳಿದ್ದೆ. ಮುಂದೆ ಮೂವತ್ತೈದು ವರ್ಷ ಅದೇ ನನ್ನ ಹೊಟ್ಟೆಪಾಡಾದೀತೆಂದು ಆಗ ಯಾರು ಕಂಡಿದ್ದರು! ಮುಂಬಯಿಯ ಬಲ್ಲಾರ್ಡ್ ಎಸ್ಟೇಟಿನ ಕ್ಲಿಯರಿಂಗ್ ಏಜೆಂಟರೊಬ್ಬರಲ್ಲಿ ಗುಮಾಸ್ತನಾಗಿ ಸೇರಿದವನು ನಾನು. ಪರರ ಮಾಲಿನ ಸುಖದುಃಖವನ್ನು ಸುಂಕದವರಿಗೆ ನಿವೇದಿಸುವುದೇ ನಮ್ಮ ಕಸುಬು.

ಆ ಕಾಲದಲ್ಲಿ ‘ಫಾರಿನ್’ ಎಂಬ ಶಬ್ದಕ್ಕೆ ಎಂಥ ಮೋಡಿಯಿತ್ತೆಂದು ನನ್ನ ಓರಗೆಯವರಿಗೆ ಹೇಳಬೇಕಾಗಿಲ್ಲ. 1978ರಲ್ಲಿ ನನ್ನ ಮೊದಲ ಬೋನಸ್ಸಿನಿಂದ ಫೋರ್ಟಿನ ಫುಟ್‌ಪಾತಿನಲ್ಲಿ ಅಪ್ಪನಿಗೊಂದು ‘ಸ್ವಿಸ್’ ಗಡಿಯಾರ ಕೊಂಡೆ. ಬಸ್ಸು ಊರು ಮುಟ್ಟುವುದರೊಳಗೆ ಅದು ನಿಂತಿತ್ತು. ಅಪ್ಪ ಮಾತ್ರ ಮದುವೆ ಮುಂಜಿಗಳಿಗೆ ಅದನ್ನು ಕಟ್ಟಿಕೊಂಡೇ ಹೋಗುತ್ತಿದ್ದರು. ಯಾರಾದರೂ ಗಂಟೆ ಕೇಳಿದರೆ ಬಿಸಿಲು ನೋಡಿ ಹೇಳುತ್ತಿದ್ದರು.

ಪೆಟ್ಟಿಗೆಯ ಮೇಲಿನ ಹೆಸರು ನಿಜವೋ ಸುಳ್ಳೋ ಎಂದು ನೋಡಲು 1962ರ ಕಸ್ಟಮ್ಸ್ ಕಾಯಿದೆಯಲ್ಲೂ ಎಡೆಯಿತ್ತು. ಆದರೆ ಅದಕ್ಕೆ ವಿವರವಾದ ನಿಯಮಗಳು ಬಂದದ್ದು 2007ರ ಮೇ ತಿಂಗಳಲ್ಲಿ. ಹೆಸರಿನ ಒಡೆಯ ತನ್ನ ಟ್ರೇಡ್‌ಮಾರ್ಕನ್ನು ಕಸ್ಟಮ್ಸಿನಲ್ಲಿ ನೋಂದಾಯಿಸಬೇಕು, ಬಾಂಡು ಬರೆದುಕೊಡಬೇಕು. ಅನುಮಾನ ಬಂದ ಮಾಲನ್ನು ಅಧಿಕಾರಿಗಳು ತಡೆದು ಅವನಿಗೆ ತಿಳಿಸುತ್ತಾರೆ. ಹತ್ತು ಕೆಲಸದ ದಿನಗಳೊಳಗೆ ಅವನು ಬಂದು ಕೈಜೋಡಿಸಬೇಕು. ಬೇಕಾದರೆ ಇನ್ನೊಂದು ಹತ್ತು ದಿನ ಸಿಕ್ಕೀತು. ಬಾರದಿದ್ದರೆ, ಬೇರೆ ತಕರಾರಿಲ್ಲದ ಪಕ್ಷದಲ್ಲಿ, ಮಾಲು ಬಿಡುಗಡೆ. ಮೊದಲು ಪೇಟೆಂಟಿಗೂ ಈ ನಿಯಮ ಅನ್ವಯಿಸುತ್ತಿತ್ತು, 2018ರಲ್ಲಿ ಅದನ್ನು ಕೈಬಿಟ್ಟರು. ಒಳ್ಳೆಯದೇ ಆಯಿತು, ಯಂತ್ರದ ಹೊಟ್ಟೆಯೊಳಗಿನ ಪೇಟೆಂಟನ್ನು ಬಂದರಿನ ಷೆಡ್ಡಿನಲ್ಲಿ ನಿಂತು ಯಾರು ಅಳೆಯಬೇಕು?

2011ರಲ್ಲಿ ನಮ್ಮೂರ ಕಡೆಯ ಹುಡುಗನೊಬ್ಬ ನನ್ನನ್ನು ಹುಡುಕಿಕೊಂಡು ಬಂದ. ನಾಗದೇವಿ ಸ್ಟ್ರೀಟಿನಲ್ಲಿ ಬಿಡಿಭಾಗಗಳ ಸಣ್ಣ ಅಂಗಡಿ ಅವನದು. ಮೊದಲ ಬಾರಿಗೆ ಚೀನಾದಿಂದ ಬಾಲ್ ಬೇರಿಂಗ್ ತರಿಸಿದ್ದ. ಇನ್‌ವಾಯ್ಸ್ ನೋಡಿದೆ. ಪೆಟ್ಟಿಗೆಯ ಮೇಲಿನ ಹೆಸರು ದೊಡ್ಡದು, ಬೆಲೆ ಅದರ ಮೂರನೇ ಒಂದು ಪಾಲೂ ಅಲ್ಲ. ನನ್ನಂಥ ಹಳೇ ಹುಲಿಗೆ ಅಷ್ಟು ಸಾಕಿತ್ತು. ಆದರೆ ನಾನು ಬಾಯಿ ಬಿಡಲಿಲ್ಲ. ಕೇಳದೆ ಹೇಳುವುದು ಗುಮಾಸ್ತನ ಕೆಲಸವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ನ್ಹಾವಾ ಶೇವಾದಲ್ಲಿ ಮಾಲು ನಿಂತಿತು. “ಏನಾದರೂ ಮಾಡಿ ಮಾವ, ಹೆಂಡತಿಯ ಬಳೆ ಅಡವಿಟ್ಟಿದ್ದೇನೆ” ಎಂದ. ಮಾಡುವುದೇನು? ದಿನ ಎಣಿಸಿದೆವು. ಹೆಸರಿನ ಒಡೆಯರು ಬಾರದಿರಲೆಂದು ಅವನು ಮಹಾಲಕ್ಷ್ಮಿಗೆ ಹರಕೆ ಹೊತ್ತ. ಒಂಬತ್ತನೆಯ ದಿನ ಅವರ ಮನುಷ್ಯ ಭೂತಗನ್ನಡಿ ಹಿಡಿದು ಬಂದ. ಉಂಗುರದ ಮೇಲೆ ಕೊರೆದ ಅಕ್ಷರಗಳನ್ನು ನೋಡಲು ಅವನಿಗೆ ಐದು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಒಂದನ್ನು ಬೆರಳಿನ ಮೇಲೆ ತಿರುಗಿಸಿ ನನ್ನ ಕಿವಿಯ ಹತ್ತಿರ ಹಿಡಿದ. ಒಳಗೆ ಮರಳು ಹೊರಳಿದಂತೆ ಸದ್ದು. “ಇದು ಯಾರದೋ ಮೋಟಾರ್ ಸೈಕಲ್ಲಿನ ಚಕ್ರಕ್ಕೆ ಹೋಗುತ್ತಿತ್ತು” ಎಂದನೇ ಹೊರತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇಂಥ ಮಾಲನ್ನು ಹಾಗೆಯೇ ಹಿಂದಕ್ಕೆ ಕಳುಹಿಸಲು ನಿಯಮ ಬಿಡುವುದಿಲ್ಲ. ಇನ್ನೊಂದು ಬಂದರಿನಲ್ಲಿ ಇಳಿದೀತಲ್ಲ! ತಿಂಗಳುಗಳ ಮೇಲೆ ಅಧಿಕಾರಿಗಳ ಎದುರಿನಲ್ಲೇ ಗ್ಯಾಸ್ ಕಟ್ಟರಿನಿಂದ ತುಂಡರಿಸಿದರು. ಆ ಖರ್ಚು, ಅಲ್ಲಿಯವರೆಗಿನ ಡೆಮರೇಜು ಹೆಸರಿನ ಒಡೆಯರದೇ. ದಂಡ ಹುಡುಗನದು. ಅಂಗಡಿ ಉಳಿಯಿತು, ಬಳೆ ಉಳಿಯಲಿಲ್ಲ. ನಾನು ಇನ್‌ವಾಯ್ಸ್ ನೋಡಿಯೂ ಸುಮ್ಮನಿದ್ದೆನೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ದೀಪಾವಳಿಗೆ ಮಿಠಾಯಿ ಕಳುಹಿಸುತ್ತಾನೆ. ಡಬ್ಬ ಬಿಚ್ಚಿದಾಗಲೆಲ್ಲ ಈ ಸಲ ಹೇಳಿಬಿಡಬೇಕೆಂದುಕೊಳ್ಳುತ್ತೇನೆ.

ಕಳೆದ ವಾರ ಡೊಂಬಿವಲಿಯಲ್ಲಿ ಸ್ಕೂಟರಿನ ಹಿಂದಿನ ಚಕ್ರ ಬಿಚ್ಚಿದ ಮೆಕ್ಯಾನಿಕ್, “ಅಂಕಲ್, ಬೇರಿಂಗು ಓರಿಜಿನಲ್ ಹಾಕಲೋ, ಫಸ್ಟ್ ಕಾಪಿ ನಡೆದೀತೋ?” ಎಂದು ಕೇಳಿದ. ನಾನು ಅಭ್ಯಾಸಬಲದಿಂದ ಎರಡರ ಬೆಲೆಯನ್ನೂ ಕೇಳಿದೆ.