ಬೇಲಿಯೊಳಗಿನ ಸಾರಂಗಗಳು

ಜಿಂಕೆಯೆಂದೊಡನೆ ನಮ್ಮ ಮನಸ್ಸು ಕಣ್ವರ ಆಶ್ರಮಕ್ಕೋ ಪಂಚವಟಿಗೋ ಓಡುತ್ತದೆ. ಶಕುಂತಲೆಯ ಸೆರಗನ್ನು ಹಿಡಿದೆಳೆದ ಮರಿ, ಸೀತೆಯನ್ನು ಮರುಳುಗೊಳಿಸಿದ ಹೊನ್ನಿನ ಮೃಗ—ಇವೆರಡನ್ನು ಬಿಟ್ಟರೆ ನಮಗೆ ಜಿಂಕೆಯೊಡನೆ ಬೇರೆ ವ್ಯವಹಾರವಿಲ್ಲ. ಆದುದರಿಂದಲೇ, ನ್ಯೂಜಿಲೆಂಡಿನ ದಕ್ಷಿಣದ ತುದಿಯಲ್ಲಿರುವ ಇನ್ವರ್‌ಕಾರ್ಗಿಲ್ ಪಟ್ಟಣದಿಂದ ಎರಡು ಗಂಟೆಗಳ ಕಾಲ ಕಾರಿನಲ್ಲಿ ಬಂದು ಟೆ ಅನೌ ಸರೋವರದ ಬಯಲನ್ನು ಸೇರಿದಾಗ, ರಸ್ತೆಯ ಬದಿಯಲ್ಲಿ ನಮ್ಮ ಕಡೆಯ ಕುರಿಮಂದೆಯಂತೆ ಮೇಯುತ್ತಿದ್ದ ನೂರಾರು ಕೆಂಪು ಸಾರಂಗಗಳನ್ನು ಕಂಡು ನಾನು ಬೆರಗಾದೆ. ಸುತ್ತಲೂ ಆಳೆತ್ತರವನ್ನು ಮೀರಿದ ತಂತಿಯ ಬೇಲಿ. ಕುರಿಗೆ ಸೊಂಟದೆತ್ತರದ ಬೇಲಿ ಸಾಕು. ಸಾರಂಗಕ್ಕೆ ಸುಮಾರು 2 ಮೀಟರಾದರೂ ಬೇಕು. ಈ ಕಸುಬಿಗೆ ಕೈಹಾಕುವವನ ಮೊದಲ ಹಣವೆಲ್ಲ ಬೇಲಿಗೇ ಹೋಗುತ್ತದೆಯಂತೆ.

ನನ್ನ ಆತಿಥೇಯರು ಅರುವತ್ತು ದಾಟಿದ ದಂಪತಿಗಳು. ಚಹಾ ಕೊಟ್ಟು, ಪಶ್ಚಿಮದ ಹಿಮಶಿಖರಗಳನ್ನು ತೋರಿಸಿ ಯಜಮಾನರು ಹೇಳಿದರು: "ಇವುಗಳ ತಾತ ಮುತ್ತಾತಂದಿರೆಲ್ಲ ಅಲ್ಲಿಂದ ಬಂದವರು. ನನ್ನ ಯೌವನದಲ್ಲಿ ಇವುಗಳನ್ನು ನಾವು ಪೀಡೆ ಎನ್ನುತ್ತಿದ್ದೆವು."

ಆ ಮಾತಿನ ಹಿಂದೆ ವಿಚಿತ್ರವಾದ ಇತಿಹಾಸವಿದೆ. ಬಾವಲಿಗಳನ್ನುಳಿದು ನೆಲದ ಮೇಲೆ ಬಾಳುವ ಸಸ್ತನಿಗಳೇ ಇಲ್ಲದಿದ್ದ ಈ ನಾಡಿಗೆ, ಬೇಟೆಯ ವಿನೋದಕ್ಕೆಂದು, 1851ರಿಂದ ಇಂಗ್ಲೆಂಡಿನವರು ಕೆಂಪು ಸಾರಂಗಗಳನ್ನು ತಂದುಬಿಟ್ಟರು. 1905ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟರು ವಾಪಿಟಿ ಎಂಬ ದೊಡ್ಡ ಸಾರಂಗಗಳನ್ನು ಉಡುಗೊರೆಯಾಗಿ ಕಳುಹಿಸಿದರು. ಹುಲಿಯಿಲ್ಲ, ಚಿರತೆಯಿಲ್ಲ, ತೋಳವಿಲ್ಲ. ತಂದ ಪ್ರಾಣಿ ಕಾಡನ್ನೇ ಮೇದುಹಾಕಿತು. 1930ರ ದಶಕದಿಂದ ಸರಕಾರವೇ ಸಂಬಳ ಕೊಟ್ಟು ಬೇಟೆಗಾರರನ್ನು ನೇಮಿಸಿತು. 1960ರ ದಶಕದಲ್ಲಿ ಹೆಲಿಕಾಪ್ಟರಿನಿಂದ ಗುಂಡಿಕ್ಕಿ ಮಾಂಸವನ್ನು ಜರ್ಮನಿಗೆ ಸಾಗಿಸತೊಡಗಿದರು. ಕೊಲ್ಲುವ ವಸ್ತುವಿಗೆ ಬೆಲೆಯಿದೆಯೆಂದ ಮೇಲೆ ಸಾಕಬಾರದೇಕೆ? 1969ರಲ್ಲಿ ಸಾಕಣೆಗೆ ಕಾನೂನಿನ ಅನುಮತಿ ದೊರೆಯಿತು. ಅದೇ ಹೆಲಿಕಾಪ್ಟರುಗಳು ಈಗ ಬಲೆ ಬೀಸಿ ಜೀವಂತ ಸಾರಂಗಗಳನ್ನು ಹಿಡಿಯತೊಡಗಿದವು. ಹಾರುವ ಯಂತ್ರದಿಂದ ಓಡುವ ಮೃಗದ ಮೇಲೆ ನೆಗೆದು ಅದರ ಕೊರಳನ್ನು ತಬ್ಬಿಹಿಡಿದ ಸಾಹಸಿಗಳಿದ್ದರು. ಆ ಸಾಹಸದಲ್ಲಿ ಪ್ರಾಣ ತೆತ್ತವರೂ ಇದ್ದರು.

(ನಮ್ಮಲ್ಲಿ ಇಂತಹ ಯೋಚನೆಗೆ ಎಡೆಯೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಚುಕ್ಕೆಜಿಂಕೆಯನ್ನೂ ಕಡವೆಯನ್ನೂ ಕಾಪಾಡುತ್ತದೆ. ಹುಲಿಯಿರುವ ಕಾಡಿನಲ್ಲಿ ಜಿಂಕೆಯೂ ಇರಬೇಕಷ್ಟೆ.)

ಮಧ್ಯಾಹ್ನ ನನ್ನನ್ನು ಕೊಟ್ಟಿಗೆಗೆ ಕರೆದೊಯ್ದರು. ಒಳಗೆ ಅರೆಗತ್ತಲೆ, ಮಬ್ಬು ಬೆಳಕಿನಲ್ಲಿ ಸಾರಂಗ ಶಾಂತವಾಗಿರುತ್ತದೆಯಂತೆ. ಅಲ್ಲಿ ನಡೆಯುತ್ತಿದ್ದುದು ಎಳಗೊಂಬಿನ ಕೊಯ್ಲು. ಗಂಡಿನ ಕೊಂಬು ವರ್ಷವರ್ಷವೂ ಉದುರಿ ವಸಂತದಲ್ಲಿ ಹೊಸದಾಗಿ ಚಿಗುರುತ್ತದೆ. ಎಲುಬಾಗಿ ಗಟ್ಟಿಯಾಗುವ ಮೊದಲು ಅದಕ್ಕೆ ಮಖಮಲ್ಲಿನಂತಹ ಚರ್ಮವಿದ್ದು ಒಳಗೆ ರಕ್ತ ಹರಿಯುತ್ತಿರುತ್ತದೆ. ಕೊರಿಯ, ಚೀನಗಳಲ್ಲಿ ಅದು ಔಷಧ. ಮರಗಟ್ಟಿಸುವ ಚುಚ್ಚುಮದ್ದನ್ನು ಕೊಡದೆ ಕತ್ತರಿಸುವುದು ಅಪರಾಧ. ಯಜಮಾನರು ಕೊಂಬಿನ ಬುಡವನ್ನು ಮುಟ್ಟಿ ಮುಟ್ಟಿ ನೋಡಿ, ನೋವಿಲ್ಲವೆಂದು ಖಚಿತವಾದ ಮೇಲೆಯೇ ಗರಗಸವನ್ನೆತ್ತಿಕೊಂಡರು. ನಾನು ಮುಖ ತಿರುಗಿಸಿದೆ. ನನ್ನಂತಹ ಸಸ್ಯಾಹಾರಿಗೆ ಅಷ್ಟೇ ಸಾಕಾಗಿತ್ತು. ಮರುಕ್ಷಣ ಬಾಗಿಲು ತೆರೆದಾಗ ಅದೇ ಪ್ರಾಣಿ ಹೊರಗೆ ಹೋಗಿ, ಏನೂ ಆಗಲಿಲ್ಲವೆಂಬಂತೆ ಹುಲ್ಲಿಗೆ ಬಾಯಿ ಹಾಕಿತು.

"ಕಷ್ಟ ಇರುವುದು ಇದರಲ್ಲಲ್ಲ, ಪಂಚಾಂಗದಲ್ಲಿ!" ಎಂದು ಆಕೆ ನಕ್ಕರು. ಅವರು ಅಂದದ್ದು ಅಲ್ಲಿಯ ಕ್ಯಾಲೆಂಡರನ್ನು. ಜರ್ಮನಿಯವರು ಸಾರಂಗದ ಮಾಂಸವನ್ನು ಬಯಸುವುದು ತಮ್ಮ ಶರತ್ಕಾಲದಲ್ಲಿ. ಅಂದರೆ ಇಲ್ಲಿಯ ವಸಂತದಲ್ಲಿ, ಸೆಪ್ಟೆಂಬರ್ ಅಕ್ಟೋಬರ್‌ಗಳಲ್ಲಿ, ಮರಿ ತೂಕಕ್ಕೆ ಬಂದಿರಬೇಕು. ಆದರೆ ಅದು ಹುಟ್ಟುವುದೇ ನವೆಂಬರಿನ ಕೊನೆಯಲ್ಲೋ ಡಿಸೆಂಬರಿನಲ್ಲೋ. ಮೇಲಾಗಿ ಚಳಿಗಾಲದಲ್ಲಿ ಹಗಲು ಕುಗ್ಗಿತೆಂದರೆ, ಮೇವು ಎದುರಿಗಿದ್ದರೂ ಸಾರಂಗದ ಹಸಿವು ಇಂಗುತ್ತದೆ. ಹಸುವಿಗೆ ಹಿಂಡಿ ಹಾಕಿ ಹಾಲು ಹೆಚ್ಚಿಸಿಕೊಂಡಂತೆ ಇದನ್ನು ಒಲಿಸಿಕೊಳ್ಳಲಾಗದು. ಇದೇ ಜಮೀನಿನಲ್ಲಿರುವ ಕುರಿಗಳನ್ನೂ ದೂರವೇ ಇರಿಸಬೇಕು. ಕುರಿಗೆ ಏನೂ ಮಾಡದ ಒಂದು ಸೋಂಕು ಸಾರಂಗವನ್ನು ಕೊಂದುಬಿಡಬಲ್ಲುದು.

2004ರ ವೇಳೆಗೆ ಆ ದೇಶದಲ್ಲಿ 17 ಲಕ್ಷಕ್ಕೂ ಮಿಕ್ಕಿ ಸಾಕಿದ ಸಾರಂಗಗಳಿದ್ದವು. ಬೆಲೆ ಬಿದ್ದಿತು, ಇಂದು ಅದರ ಅರ್ಧವೂ ಇಲ್ಲ. ಸಮತಟ್ಟಾದ ಬಯಲಿನ ಎಷ್ಟೋ ಬೇಲಿಗಳೊಳಗೆ ಈಗ ಹಾಲಿನ ಹಸುಗಳಿವೆ. ಹಾಲಿನ ಹಣ ತಿಂಗಳು ತಿಂಗಳು ಬರುತ್ತದೆ. ಸಾರಂಗದ ಹಣ ವರ್ಷಕ್ಕೆ ಎರಡು ಬಾರಿ, ಅದೂ ದೂರದ ದೇಶದವರ ನಾಲಗೆಯನ್ನೂ ನಂಬಿಕೆಯನ್ನೂ ಅವಲಂಬಿಸಿ. ಪಟ್ಟಣದಲ್ಲಿರುವ ಮಗ ಹಸುಗಳಾದರೆ ಮಾತ್ರ ಊರಿಗೆ ಬರುವೆನೆಂದಿದ್ದಾನಂತೆ. ಯಜಮಾನರು ಲೆಕ್ಕದ ಪುಸ್ತಕವನ್ನು ತೆರೆದು ಅವನ ಮಾತು ಸರಿಯೆಂದು ನನಗೆ ತೋರಿಸಿದರು. ಆಕೆ ಪುಸ್ತಕದ ಕಡೆ ನೋಡಲಿಲ್ಲ.

ಸಂಜೆ ಆಕೆಯೊಡನೆ ಬೇಲಿಯ ಬಳಿಗೆ ಹೋದೆ. ಎತ್ತರವಾದ ಹುಲ್ಲಿನಲ್ಲಿ ಎಲ್ಲೋ ಅಂದೇ ಹುಟ್ಟಿದ ಮರಿ ಅಡಗಿತ್ತು. ತಾಯಿ ದೂರದಲ್ಲಿ ನಿಂತು, ಅದರ ಕಡೆ ನೋಡದೆ, ನಮ್ಮನ್ನೇ ನೋಡುತ್ತಿತ್ತು. ನಾನು ಬಾಗಿಲಿನತ್ತ ಹೆಜ್ಜೆ ಹಾಕಿದೆ. ಆಕೆ ತೋಳು ಹಿಡಿದು ತಡೆದು, "ಈ ವಾರ ನಾವು ಯಾರೂ ಒಳಗೆ ಹೋಗುವುದಿಲ್ಲ. ಗಾಬರಿಯಾದರೆ ತಾಯಿ ಮರಿಯನ್ನು ಬಿಟ್ಟುಬಿಡಬಹುದು" ಎಂದು ಮೆಲ್ಲನೆ ಹೇಳಿದರು. ಕತ್ತಲಾಗುವವರೆಗೂ ನಾವು ಬೇಲಿಯ ಹೊರಗೇ ನಿಂತಿದ್ದೆವು.