ನಗೆಯೂ ಒಂದು ವಿಮರ್ಶೆ

ಗದಗ ಜಿಲ್ಲೆಯ ಮುಶಿಗೇರಿಯಂಥ ಊರುಗಳಲ್ಲಿ ಕೆಟ್ಟ ಸಿನಿಮಾವನ್ನು ಯಾರೂ ಮೌನವಾಗಿ ನೋಡುವುದಿಲ್ಲ. ಗುಂಡೇಟು ತಿಂದ ನಾಯಕ ಹತ್ತು ನಿಮಿಷ ಮಾತನಾಡಿದರೆ, 'ಲಗೂ ಸಾಯಪಾ, ಉಣ್ಣಾಕ ಹೊತ್ತಾತು' ಎಂಬ ದನಿ ಹಿಂದಿನಿಂದ ಕೇಳುತ್ತದೆ.

ಈ ಬಗೆಯ ನಗೆ ಈ ಭಾಗಕ್ಕೆ ಹೊಸದಲ್ಲ. ದೊಡ್ಡಾಟದಲ್ಲಿ ಕಿರೀಟಧಾರಿ ರಾಜನು ಗ್ರಾಂಥಿಕ ಭಾಷೆಯಲ್ಲಿ ಗರ್ಜಿಸುವಾಗ ಪಕ್ಕದಲ್ಲಿ ನಿಂತ ಸಾರಥಿಯು ಆಡುಮಾತಿನಿಂದ ಆ ಬಿಗುವನ್ನು ಸಡಿಲಿಸುತ್ತಾನೆ. ಅಮೆರಿಕದಲ್ಲಿ 1988ರಲ್ಲಿ ಆರಂಭವಾದ 'ಮಿಸ್ಟರಿ ಸೈನ್ಸ್ ಥಿಯೇಟರ್ 3000' ಎಂಬ ಟೀವಿ ಕಾರ್ಯಕ್ರಮದಲ್ಲಿ ಒಬ್ಬ ಮನುಷ್ಯನೂ ಅವನ ಯಂತ್ರಗೊಂಬೆಗಳೂ ಕಳಪೆ ಚಿತ್ರಗಳನ್ನು ನೋಡುತ್ತ ಮಾಡಿದ್ದು ಹೆಚ್ಚುಕಡಿಮೆ ಇದೇ ಕೆಲಸವನ್ನು.

ಇದೇ ಜಿಲ್ಲೆಯ ಮುಳುಗುಂದದ ಜೈನಕವಿ ನಯಸೇನನು 1112ರಲ್ಲಿ 'ಧರ್ಮಾಮೃತ'ವನ್ನು ರಚಿಸಿದನು. ಕನ್ನಡದಲ್ಲಿ ಬರೆಯಹೊರಟು ಸಂಸ್ಕೃತವನ್ನು ತುರುಕುವ ಕವಿಗಳನ್ನು ಅವನು ತುಪ್ಪಕ್ಕೆ ಎಣ್ಣೆ ಬೆರೆಸುವವರಿಗೆ ಹೋಲಿಸಿ ಲೇವಡಿ ಮಾಡಿದನು. ತುಪ್ಪವೂ ಒಳ್ಳೆಯದು, ಎಣ್ಣೆಯೂ ಒಳ್ಳೆಯದು, ಕೆಡಿಸುವುದು ಬೆರಕೆ. ಆ ಪದ್ಯದಲ್ಲಿ ಯಾವ ಕವಿಯ ಹೆಸರೂ ಇಲ್ಲ, ದೋಷ ಮಾತ್ರ ಸ್ಪಷ್ಟವಾಗಿದೆ. ನಯಸೇನನ ಕಾವ್ಯವೂ ಸಂಸ್ಕೃತದಿಂದ ಪೂರ್ತಿ ಮುಕ್ತವಲ್ಲ, ನಿಜ. ಆದರೆ 14 ಆಶ್ವಾಸಗಳ ಉದ್ದಕ್ಕೂ ದೇಸಿ ಗಾದೆ, ಉಪಮೆಗಳನ್ನು ತುಂಬಿ ತನ್ನ ಮಾತಿಗೆ ತಾನೇ ಹೊಣೆಯಾದನು.

ಇಂದಿನ ಟ್ರೋಲುಗಳು ಚಿತ್ರಕಥೆಯ ದೋಷವನ್ನು ಬಿಟ್ಟು ನಟಿಯ ಮೈಬಣ್ಣವನ್ನೋ ನಟನ ಉಚ್ಚಾರವನ್ನೋ ಹಂಗಿಸುವಾಗ ಕಾಣೆಯಾಗುವುದು ಈ ಹೊಣೆಯೇ. ಮೂವತ್ತು ಸೆಕೆಂಡಿನ ತುಣುಕು ನೋಡಿ ಇಡೀ ಚಿತ್ರಕ್ಕೆ ತೀರ್ಪು ಕೊಡುವವರೂ ಇದ್ದಾರೆ. ಮುಶಿಗೇರಿಯ ನಗೆಗಾರರು ಹಾಗಲ್ಲ. ಉಣ್ಣಲು ಹೊತ್ತಾಯಿತೆಂದು ಕೂಗಿದವರೂ ನಾಯಕನ ಪ್ರಾಣ ಹೋಗುವವರೆಗೆ ಎದ್ದು ಹೋಗುವುದಿಲ್ಲ.